ದೊಡ್ಡ ಹೆಸರು ಬಿಟ್ಟೆ, ಗೈಡ್ ಸಿಕ್ಕರು

ಅಮೆರಿಕದಲ್ಲಿ ಕಲಾ ಇತಿಹಾಸದ ಪಿಎಚ್‌ಡಿಗೆ ಗೈಡ್ ಹುಡುಕಲು ನನಗೆ ಎರಡು ವರ್ಷ ಹಿಡಿಯಿತು. ಮೊದಲ ವರ್ಷ ಎಲ್ಲರೂ ಹೇಳಿದ ದಾರಿಯಲ್ಲೇ ಹೋದೆ, ಏನೂ ಗಿಟ್ಟಲಿಲ್ಲ. ಎರಡನೇ ವರ್ಷ ಎಲ್ಲರೂ ಬೇಡ ಅಂದ ದಾರಿ ಹಿಡಿದೆ. "ಟೆನ್ಯೂರ್ (ಕಾಯಂ ಹುದ್ದೆ) ಆಗದವರ ಹಿಂದೆ ಹೋಗಬೇಡ, ಅವರ ಕೆಲಸಕ್ಕೇ ಗ್ಯಾರಂಟಿ ಇಲ್ಲ" ಅಂತ ಎಂ.ಎ.ಯ ಮೇಷ್ಟ್ರು, ಸೀನಿಯರ್‌ಗಳು ಒಂದೇ ಸಮನೆ ಹೇಳಿದರು. ಕೊನೆಗೆ ಕೆಲಸ ಆದದ್ದು ಅಲ್ಲೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ವಿಷಯ ಸ್ವಲ್ಪ ತೊಡಕಿನದು. ಯುರೋಪಿನ ಪ್ರಿಂಟ್‌ಗಳು, ಅಂದರೆ ಅಚ್ಚು ಹಾಕಿದ ಚಿತ್ರಗಳು, ಮೊಘಲರ ಚಿತ್ರಶಾಲೆಗೆ ಬಂದಾಗ ಅಲ್ಲಿನ ಕಲಾವಿದರು ಅವನ್ನು ಏನು ಮಾಡಿಕೊಂಡರು ಅನ್ನೋದು. ಈ ಹುಚ್ಚು ಹಿಡಿಸಿದ್ದು ಮೊಘಲ್ ಕಲಾವಿದ ಅಬುಲ್ ಹಸನ್ 1600ರ ಸುಮಾರಿಗೆ ಬರೆದ ಸಂತ ಜಾನ್. ಜರ್ಮನ್ ಕಲಾವಿದ ಡ್ಯೂರರ್‌ನ 1511ರ ಶಿಲುಬೆಯ ಎನ್‌ಗ್ರೇವಿಂಗ್‌ನಲ್ಲಿ (ಲೋಹದ ತಗಡಿನಲ್ಲಿ ಕೊರೆದು ತೆಗೆದ ಪ್ರಿಂಟ್) ಪಕ್ಕಕ್ಕೆ ನಿಂತ ಜಾನ್ ಒಬ್ಬನನ್ನೇ ಅಬುಲ್ ಹಸನ್ ತನ್ನ ಚಿತ್ರಕ್ಕೆ ತೆಗೆದುಕೊಂಡಿದ್ದಾನೆ. ಶಿಲುಬೆ ಇಲ್ಲ, ಮರಿಯಾ ಇಲ್ಲ. ಆಗ ಅವನ ವಯಸ್ಸು ಸುಮಾರು ಹದಿಮೂರು! ಚಿತ್ರ ಈಗ ಆಕ್ಸ್‌ಫರ್ಡ್‌ನ ಆಶ್‌ಮೋಲಿಯನ್ ಮ್ಯೂಸಿಯಂನಲ್ಲಿದೆ. ಆ ಬಟ್ಟೆಯ ಮಡಿಕೆಗಳನ್ನು ದೊಡ್ಡದು ಮಾಡಿ ನೋಡುತ್ತಾ ಎಷ್ಟು ರಾತ್ರಿ ಕಳೆದಿದ್ದೇನೋ ಲೆಕ್ಕವಿಲ್ಲ. ಆದರೆ ಇದನ್ನು ಯಾರ ಹತ್ತಿರ ಓದೋದು? ಯುರೋಪಿನ ಪ್ರಿಂಟ್‌ನವರು "ದಕ್ಷಿಣ ಏಷ್ಯಾದವರನ್ನು ಕೇಳಿ" ಅಂದರು. ದಕ್ಷಿಣ ಏಷ್ಯಾದವರು ಮತ್ತೆ ಅತ್ತ ಕಡೆಗೇ ಕೈ ತೋರಿಸಿದರು.

ಮೊದಲ ವರ್ಷ ನಮ್ಮ ಪುಸ್ತಕದ ಕಪಾಟಿನಲ್ಲಿದ್ದ ಹೆಸರುಗಳನ್ನೇ ಹಿಡಿದುಕೊಂಡು ಒಂಬತ್ತು ಕಡೆ ಅರ್ಜಿ ಹಾಕಿದೆ. ಒಂದೊಂದಕ್ಕೆ 75ರಿಂದ 125 ಡಾಲರ್. ಇಂಗ್ಲಿಷ್ ಪರೀಕ್ಷೆಯ ಅಂಕ ಕಳಿಸಿದ್ದು, ಮಾರ್ಕ್ಸ್ ಕಾರ್ಡ್ ಕಳಿಸಿದ್ದು ಎಲ್ಲ ಸೇರಿ 1,100 ಡಾಲರ್ ಹತ್ತಿರ ಆಯಿತು. ಹೊಳೆಯಲ್ಲಿ ಹುಣಸೆ ಹಣ್ಣು ತೊಳೆದ ಹಾಗಾಯಿತು. ಇಬ್ಬರು ಪ್ರೊಫೆಸರ್‌ಗಳು ನಿವೃತ್ತಿಯ ಅಂಚಿನಲ್ಲಿದ್ದರು, ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಿದ್ದರು. ನನಗೆ ಗೊತ್ತಾಗಿದ್ದು ದುಡ್ಡು ಕಟ್ಟಿದ ಮೇಲೆ. ಇನ್ನೊಂದು ಕಡೆ "ಪಿಎಚ್‌ಡಿ ಆಗಲ್ಲ, ಎಂ.ಎ.ಗೆ ಬನ್ನಿ, ಫೀ ನಿಮ್ಮದೇ" ಅಂದರು. ಬೇಡ ಅಂದೆ. ಅಷ್ಟು ಸಾಲ ಮಾಡಿ ಎರಡನೇ ಎಂ.ಎ. ಯಾಕೆ, ಅಲ್ವಾ?

ಎರಡನೇ ವರ್ಷ ಶುರು ಮಾಡಿದ್ದು ಥೀಸಿಸ್ ಪಟ್ಟಿಯಿಂದ. ಕಲಾ ಇತಿಹಾಸದವರ ಸಂಘ ಕಾಲೇಜ್ ಆರ್ಟ್ ಅಸೋಸಿಯೇಶನ್ ಪ್ರತಿ ವರ್ಷ ಅಮೆರಿಕ, ಕೆನಡಾದ ಕಲಾ ಇತಿಹಾಸದ ಥೀಸಿಸ್‌ಗಳ ಪಟ್ಟಿ ಹಾಕುತ್ತದಲ್ಲ, ಮುಗಿದವು ಬೇರೆ, ನಡೆಯುತ್ತಿರುವವು ಬೇರೆ. ನಾವೆಲ್ಲ ಅದನ್ನು ನೋಡುವುದು ನಮ್ಮ ವಿಷಯವನ್ನು ಇನ್ಯಾರಾದರೂ ಮಾಡಿಬಿಟ್ಟಿದ್ದಾರಾ ಅನ್ನೋ ಭಯಕ್ಕೆ. ನಾನು ಹಳೇ ಪಟ್ಟಿಗಳನ್ನು ತೆಗೆದೆ. ಐದರಿಂದ ಒಂಬತ್ತು ವರ್ಷ ಹಿಂದಿನವು. ಆಗ ಥೀಸಿಸ್ ಮುಗಿಸಿದವರು ಈಗ ಕೆಲಸಕ್ಕೆ ಸೇರಿ, ಮೊದಲ ಪುಸ್ತಕದ ಕೊನೆಗೆ ಬಂದಿರುತ್ತಾರೆ. ವಿದ್ಯಾರ್ಥಿಗಳು ಬೇಕು ಅನ್ನಿಸುವ ಹೊತ್ತು ಅದೇ. "ಮೊಘಲ್" ಅಂತ ಹುಡುಕಲೇ ಇಲ್ಲ. ನಕಲು, ಉಡುಗೊರೆ, ವ್ಯಾಪಾರ, ಪ್ರಿಂಟ್, ಸಾಗಣೆ ಇಂಥ ಮಾತು ಶೀರ್ಷಿಕೆಯಲ್ಲಿ ಇದ್ದದ್ದನ್ನೆಲ್ಲ ಎತ್ತಿಕೊಂಡೆ. ಜಪಾನ್ ಮೇಲೆ ಬರೆದವರೂ ಬಂದರು, ಪೆರು ಮೇಲೆ ಬರೆದವರೂ ಬಂದರು. ಸುಮಾರು 140 ಹೆಸರು ಆಯಿತು.

ಜೊತೆಗೆ ಪೋರ್ಟರ್ ಪ್ರಶಸ್ತಿಯ ಪಟ್ಟಿ. ಆರ್ಟ್ ಬುಲೆಟಿನ್ ಪತ್ರಿಕೆಯಲ್ಲಿ ಬಂದ ಲೇಖನಕ್ಕೆ ಕೊಡುವ ಪ್ರಶಸ್ತಿ ಅದು. 35 ದಾಟಿರಬಾರದು, ಇಲ್ಲವೇ ಡಾಕ್ಟರೇಟ್ ಆಗಿ ಹತ್ತು ವರ್ಷದೊಳಗೆ ಇರಬೇಕು. ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿಯ ಕ್ಯಾಸ್ವಾ ಅನ್ನೋ ಕಲಾ ಸಂಶೋಧನಾ ಕೇಂದ್ರದ ಹಳೇ ಫೆಲೋಗಳ ಹೆಸರೂ ಸೇರಿಸಿದೆ. ಇಲ್ಲಿ ಸಿಕ್ಕವರು ಕಡಿಮೆ, ಆದರೆ ಒಬ್ಬೊಬ್ಬರೂ ಗಟ್ಟಿ.

ಇಲ್ಲೂ ಒಂದು ಸಲ ಕೈ ಸುಟ್ಟುಕೊಂಡೆ. ಒಬ್ಬರ ಲೇಖನ ಓದಿ ಕುಣಿದಾಡುವಷ್ಟು ಖುಷಿಯಾಗಿ, ಮೂರು ವಾರ ಅವರ ಬರಹವನ್ನೆಲ್ಲ ಹುಡುಕಿ ಓದಿ ಮೇಲ್ ಹಾಕಿದೆ. ಪಾಪ, ಅವರು ಒಂದು ವರ್ಷದ ವಿಸಿಟಿಂಗ್ ಕೆಲಸದಲ್ಲಿದ್ದರು. ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವ ಹಾಗೇ ಇರಲಿಲ್ಲ. ಆಮೇಲೆ ಮೊದಲು ಹುದ್ದೆ ನೋಡೋದು, ಆಮೇಲೆ ಓದೋದು ಅಂತ ಮಾಡಿಕೊಂಡೆ. ವಿಸಿಟಿಂಗ್, ಪೋಸ್ಟ್‌ಡಾಕ್ ಥರದ ತಾತ್ಕಾಲಿಕ ಹುದ್ದೆಯವರನ್ನೆಲ್ಲ ಬಿಟ್ಟೆ. ಪಿಎಚ್‌ಡಿಯೇ ಇಲ್ಲದ ಕಾಲೇಜುಗಳನ್ನೂ ಬಿಟ್ಟೆ. 140ರಲ್ಲಿ ಉಳಿದದ್ದು ಹದಿನಾಲ್ಕು.

ಮಧ್ಯೆ ಅಡಿಟಿಪ್ಪಣಿ ಎಣಿಸುವ ಪ್ರಯೋಗವೂ ಮಾಡಿದೆ. ಯಾರು ಯಾರನ್ನು ಎಷ್ಟು ಸಲ ಉಲ್ಲೇಖಿಸುತ್ತಾರೆ ಅಂತ ಎರಡು ತಿಂಗಳು ಎಕ್ಸೆಲ್‌ನಲ್ಲಿ ಬಣ್ಣ ತುಂಬಿದೆ. ಗೈಡ್ ಹುಡುಕಲು ಅದರಿಂದ ಏನೂ ಆಗಲಿಲ್ಲ. ಆದರೆ ಡಚ್ ಕಲಾವಿದ ರೆಂಬ್ರಾಂಟ್ ಮೊಘಲ್ ಚಿತ್ರಗಳನ್ನು ನೋಡಿ ಬರೆದ ಇಪ್ಪತ್ತಕ್ಕೂ ಹೆಚ್ಚು ರೇಖಾಚಿತ್ರಗಳ ಬಗ್ಗೆ ಯುರೋಪಿನ ಕಲೆಯವರು, ದಕ್ಷಿಣ ಏಷ್ಯಾದವರು ಇಬ್ಬರೂ ಬರೆದಿದ್ದರೂ ಒಬ್ಬರನ್ನೊಬ್ಬರು ಎಷ್ಟು ಕಡಿಮೆ ಓದಿದ್ದಾರೆ ಅಂತ ಕಂಡಿತು. ನನ್ನ ಅರ್ಜಿಯ ಮೊದಲ ಪ್ಯಾರಾ ಅಲ್ಲಿಂದಲೇ ಬಂತು.

ನಿಜಕ್ಕೂ ಕೆಲಸಕ್ಕೆ ಬಂದದ್ದು ಥೀಸಿಸ್‌ನ ಕೃತಜ್ಞತೆಯ ಪುಟ. ಹದಿನಾಲ್ಕು ಜನರದ್ದೂ ಓದಿದೆ. ಕೆಲವರದು ಬರೀ ದೊಡ್ಡವರ ಹೆಸರುಗಳು. ಒಬ್ಬರು ಮಾತ್ರ ಮ್ಯೂಸಿಯಂನಲ್ಲಿ ಚಿತ್ರದ ಪೆಟ್ಟಿಗೆ ತಂದುಕೊಟ್ಟವರಿಗೆ, ತಮ್ಮ ಜೊತೆ ಪರ್ಷಿಯನ್ ಕಲಿತ ಗೆಳತಿಗೆ, ಕರಡು ತಿದ್ದಿದ ಜೂನಿಯರ್‌ಗೆ ಒಂದೊಂದು ಪೂರ್ತಿ ವಾಕ್ಯ ಬರೆದಿದ್ದರು. ಅವರ ಹೆಸರಿನ ಮುಂದೆ ಹಸಿರು ಗುರುತು ಹಾಕಿದೆ. ಅವರು ಬರೆದ ಪುಸ್ತಕ ವಿಮರ್ಶೆಗಳನ್ನೂ ಓದಿದೆ. ಬೇರೆಯವರ ತಪ್ಪನ್ನು ಹೇಗೆ ಹೇಳುತ್ತಾರೆ ಅನ್ನೋದು ಅಲ್ಲಿ ಗೊತ್ತಾಗುತ್ತದೆ. ನಾಳೆ ನನ್ನ ಕರಡಿಗೂ ಅದೇ ಪೆನ್ನು ತಾನೇ?

ಮೇಲ್ ಹೇಗೆ ಬರೆದೆ ಅಂತ ತುಂಬಾ ಜನ ಕೇಳುತ್ತಾರೆ. ಹನ್ನೆರಡು ಸಾಲು, ಸಿ.ವಿ. ಲಗತ್ತಿಸಲಿಲ್ಲ, ಅವರ ಲೇಖನದ ಒಂದು ಚಿತ್ರದ ಬಗ್ಗೆ ಒಂದು ಪ್ರಶ್ನೆ. ಆ ಪ್ರಶ್ನೆಯನ್ನು ಹೇಗೆ ಆರಿಸಿದೆ ಅನ್ನೋದನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಹದಿನಾಲ್ಕರಲ್ಲಿ ಹತ್ತು ಜನ ಉತ್ತರಿಸಿದರು. ಮೊದಲ ವರ್ಷ ಒಂಬತ್ತರಲ್ಲಿ ಒಬ್ಬರು!

ಮೇಷ್ಟ್ರ ಭಯ ಸುಳ್ಳಲ್ಲ. ಅಸಿಸ್ಟೆಂಟ್ ಪ್ರೊಫೆಸರ್‌ಗೆ ಆರನೇ ವರ್ಷದ ಹೊತ್ತಿಗೆ ಟೆನ್ಯೂರ್ ಪರಿಶೀಲನೆ ಬರುತ್ತದೆ, ನಡುವೆ ಬೇರೆ ಕಡೆ ಹೋಗಲೂಬಹುದು. ಅದಕ್ಕೆ ಅದೇ ವಿಭಾಗದಲ್ಲಿ ಟೆನ್ಯೂರ್ ಆದ ಇನ್ನೊಬ್ಬರು ನನ್ನ ವಿಷಯಕ್ಕೆ ಹತ್ತಿರ ಇದ್ದಾರಾ ನೋಡಿದೆ. ಇಲ್ಲದ ಕಡೆ ಅರ್ಜಿ ಹಾಕಲಿಲ್ಲ. ಟೆನ್ಯೂರ್ ಇಲ್ಲದವರು ಒಬ್ಬರೇ ಗೈಡ್ ಆಗಬಹುದಾ ಅಂತ ವಿಭಾಗದ ಆಫೀಸಿಗೇ ಬರೆದು ಕೇಳಿದೆ. ಒಂದೊಂದು ಕಡೆ ಒಂದೊಂದು ನಿಯಮ.

ಕೊನೆಗೆ ಐದೇ ಅರ್ಜಿ, 500 ಡಾಲರ್ ಒಳಗೆ. ಎರಡು ಕಡೆ ಐದು ವರ್ಷದ ಪೂರ್ತಿ ಫೆಲೋಶಿಪ್ ಸಮೇತ ಸೀಟು ಸಿಕ್ಕಿತು. ಒಂದು ಆ ಹಸಿರು ಗುರುತಿನವರದ್ದು. ಫೋನ್‌ನಲ್ಲಿ ಅವರ ಈಗಿನ ವಿದ್ಯಾರ್ಥಿನಿ ಒಬ್ಬರನ್ನು ಮಾತಾಡಿಸಿದೆ. "ಮೇಡಂ ಅಧ್ಯಾಯ ಕೊಟ್ಟರೆ ಹತ್ತು ದಿನದಲ್ಲಿ ವಾಪಸ್, ಅಂಚಿನ ತುಂಬಾ ಪೆನ್ಸಿಲ್" ಅಂದರು. ಸೀಟು ಒಪ್ಪಿಕೊಳ್ಳಲು ಇದ್ದ ಏಪ್ರಿಲ್ 15ರ ಗಡುವಿಗೆ ಮೂರು ದಿನ ಇರುವಾಗ ಅವರಿಗೇ ಒಪ್ಪಿಗೆ ಕಳಿಸಿದೆ. ಪ್ರಿಂಟ್ ಓದಿಸುವ ಹಿರಿಯ ಪ್ರೊಫೆಸರ್ ಒಬ್ಬರು ಎರಡನೇ ಗೈಡ್ ಆಗಿದ್ದಾರೆ.