ಬಣ್ಣ ಬಿಟ್ಟು ಕಣ್ಣುಂಗುರ ನೋಡಿ ಜೋಡಿ ಹಾಕಿದೆ, ಮರಿ ಎದ್ದವು

ಹುಬ್ಬಳ್ಳಿಯಲ್ಲಿ ಲವ್ ಬರ್ಡ್ ಕೇಳಿದರೆ ಮೊದಲು ಬಜ್ಜಿ (ಬಜರಿಗಾರ್) ಗಿಣಿಯನ್ನೇ ತೋರಿಸುತ್ತಾರೆ. ಅದು ಆಸ್ಟ್ರೇಲಿಯಾದ ಹಕ್ಕಿ. ಲವ್ ಬರ್ಡ್ ಆಫ್ರಿಕಾದ ಅಗಾಪೋರ್ನಿಸ್ ಕುಲದ್ದು, ಒಂಬತ್ತು ಪ್ರಭೇದ. ಇಷ್ಟು ಸಾಕುವವರಿಗೆಲ್ಲ ಗೊತ್ತು. ಆದರೂ ಪ್ರಭೇದ ನೋಡದೆ ಹಸಿರಿಗೆ ಹಸಿರು, ನೀಲಿಗೆ ನೀಲಿ ಅಂತ ಜೋಡಿ ಹಾಕುವುದು ನಮ್ಮ ಕಡೆ ನಿಂತಿಲ್ಲ.

'ಬ್ರೀಡಿಂಗ್ ಪೇರ್' ಎಂದು ಕೊಟ್ಟ ನಾಲ್ಕು ಜೋಡಿಗೆ ಹನ್ನೆರಡು ಸಾವಿರದ ಮೇಲೆ ಹೋಯಿತು. ಪಂಜರ, ಪೆಟ್ಟಿಗೆ, ಕಾಳಿನ ಖರ್ಚು ಬೇರೆ. ತತ್ತಿಗೇನೂ ಕಡಿಮೆ ಇರಲಿಲ್ಲ, ಆದರೆ ಟಾರ್ಚ್ ಹಿಡಿದು ನೋಡಿದರೆ ಒಂದರಲ್ಲೂ ಕೆಂಪು ನರ ಇಲ್ಲ. ಎಲ್ಲ ಗೊಡ್ಡು. ಸುಣ್ಣದಂಶಕ್ಕೆಂದು ಕಟಲ್ ಬೋನ್ ಕಟ್ಟಿದೆ, ವಿಟಮಿನ್ ಹಾಕಿದೆ. "ಧಾರವಾಡದ ಮಳಿ ಇವಕ್ಕ ಒಗ್ಗಂಗಿಲ್ರೀ, ಬಿಟ್ಟಬಿಡ್ರಿ" ಅಂದವರೇ ಹೆಚ್ಚು. ಗಂಡು ಹೆಣ್ಣು ತಿಳಿಯಲು ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಒಂದು ಜೋಡಿಯಲ್ಲಿ ಎರಡೂ ಹೆಣ್ಣು. ಉಳಿದ ಮೂರರಲ್ಲಿ ಗಂಡು ಹೆಣ್ಣು ಸರಿಯಾಗೇ ಇದ್ದವು.

ಗುಟ್ಟು ಬಿಟ್ಟುಕೊಟ್ಟಿದ್ದು ಈಚಲ ಗರಿ. ಗೂಡಿಗೆಂದು ಹಾಕಿದ ಗರಿಯನ್ನು ಒಂದು ಹೆಣ್ಣು ಅಂಚಿನುದ್ದಕ್ಕೂ ಕಚ್ಚಿ ಉದ್ದ ಪಟ್ಟಿ ಸೀಳಿತು. ಕತ್ತು ತಿರುಗಿಸಿ ಬಾಲದ ಮೇಲಿನ ಪುಕ್ಕದೊಳಗೆ ತುರುಕಿತು, ಆದರೆ ಕೊಕ್ಕು ಬಿಡಲಿಲ್ಲ. ಪಟ್ಟಿ ಮತ್ತೆ ಹೊರಬಂತು. ಹೀಗೇ ಎಷ್ಟೋ ಸಲ ಮಾಡಿ ಕಡೆಗೆ ಕೊಕ್ಕಿನಲ್ಲೇ ಒಯ್ದಿತು. ಲವ್ ಬರ್ಡ್‌ನಲ್ಲಿ ಪೀಚ್‌ಫೇಸ್ ಎಂಬ ಪ್ರಭೇದ ಪುಕ್ಕದಲ್ಲಿ ಸಿಕ್ಕಿಸಿಕೊಂಡು ಒಯ್ಯುತ್ತದೆ, ಫಿಶರ್ ಎಂಬುದು ಕೊಕ್ಕಿನಲ್ಲಿ. ಎರಡರ ಬೆರಕೆ ಹೀಗೇ ತಡವರಿಸುತ್ತದೆ ಎಂದು ಹಕ್ಕಿಗಳ ನಡವಳಿಕೆ ಅಧ್ಯಯನ ಮಾಡಿದ ಅಮೆರಿಕದ ಡಿಲ್ಗರ್ 1962ರಲ್ಲೇ ಬರೆದಿದ್ದಾರೆ. ಈ ಬೆರಕೆ ಹೇಸರಗತ್ತೆ ಇದ್ದಂತೆ, ಸಂತಾನವಿಲ್ಲ. ಕಣ್ಣು ನೋಡಿದೆ: ಬಿಳಿ ಉಂಗುರ ತೆಳ್ಳಗೆ, ಅರ್ಧಂಬರ್ಧ.

ಬೆರಕೆಗಳನ್ನೆಲ್ಲ ದೊಡ್ಡ ಪಂಜರಕ್ಕೆ ಬಿಟ್ಟು ಹೊಸದಾಗಿ ಕೊಂಡೆ. ದಪ್ಪ ಬಿಳಿ ಉಂಗುರ, ಕೆಂಪು ಕೊಕ್ಕು ಇದ್ದರೆ ಫಿಶರ್ ಸಾಲು. ಉಂಗುರವಿಲ್ಲದೆ ಕೊಕ್ಕು ದಂತದ ಬಣ್ಣದ್ದಾದರೆ ಪೀಚ್‌ಫೇಸ್ ಸಾಲು. ಕಪ್ಪು ಮುಖದ ಮಾಸ್ಕ್ಡ್ ಪ್ರಭೇದಕ್ಕೂ ಬಿಳಿ ಉಂಗುರವೇ. ಫಿಶರ್ ಜೊತೆ ಸೇರಿದರೆ ಅದರ ಮರಿಗೆ ಸಂತಾನವೂ ಆಗುತ್ತದೆ, ಹಾಗಾಗಿ ಆ ಬೆರಕೆ ತಲೆಮಾರುಗಟ್ಟಲೆ ಹರಿಯುತ್ತದೆ. ಹಣೆಯ ಮೇಲೆ ಮಸಿ ಕಂಡ ಹಸಿರು ಫಿಶರ್ ನಾನು ಕೊಳ್ಳುವುದಿಲ್ಲ. ಇನ್ನೂ ಒಂದು ಗುರುತು ನೋಡುತ್ತೇನೆ, ಅದು ನನ್ನ ಹತ್ತಿರವೇ ಇರಲಿ.

ಆಮೇಲೆ ಒಂದು ಸಲಕ್ಕೆ ನಾಲ್ಕೈದು ಮರಿ ಎದ್ದವು. ಎರಡು ಹಂಗಾಮಿನಲ್ಲಿ ಮೂವತ್ತರ ಆಸುಪಾಸು ಮರಿ ಇಳಿಸಿದ್ದೇನೆ, ಅದೇ ಧಾರವಾಡದ ಮಳೆಯಲ್ಲೇ. ಬಿಟ್ಟುಬಿಡಿ ಅಂದವರೇ ಈಗ ಮರಿ ಕೇಳುತ್ತಾರೆ.

ನಡುವೆ ಗದಗ ಕಡೆಯಿಂದ ನವಣೆ ತೆನೆ ತರಿಸಿ ಹಾಗೇ ತೂಗುಹಾಕಿದ್ದೆ. ಹೊಸ ಮರಿಗಳು ಬಟ್ಟಲ ಕಾಳಿಗಿಂತ ತೆನೆಗೇ ಮೊದಲು ಬಾಯಿ ಹಾಕಿದವು. ಸೂರ್ಯಪಾನದ ಬೀಜ ಅರ್ಧಕ್ಕೆ ಇಳಿಸಿದೆ.

ಕಾಕ್‌ಟೀಲ್ ಕೂಡ ಇಟ್ಟಿದ್ದೇನೆ. ಜುಟ್ಟು ನೋಡಿದರೇ ಗೊತ್ತಾಗುತ್ತದೆ, ಅದು ಕಾಕಟೂ ಕುಟುಂಬದ್ದು. ಆ ಕುಟುಂಬದ ಪುಕ್ಕದಲ್ಲಿ ಹಸಿರು, ನೀಲಿ ಹುಟ್ಟುವ ರಚನೆಯೇ ಇಲ್ಲ. 'ನೀಲಿ ಕಾಕ್‌ಟೀಲ್' ಎಂದು ಯಾರಾದರೂ ಹೆಚ್ಚು ದುಡ್ಡು ಹೇಳಿದರೆ ಎದ್ದು ಬನ್ನಿ.

ಕಾಗದಪತ್ರಕ್ಕೂ ಪ್ರಭೇದ ಬೇಕು. ಫಿಶರ್ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಎರಡನೇ ಅನುಬಂಧದಲ್ಲಿದೆ, ಪೀಚ್‌ಫೇಸ್ ಇಲ್ಲ. 2024ರ ನಿಯಮದಂತೆ ಫಿಶರ್ ಇಟ್ಟವರು ಕೇಂದ್ರ ಪರಿಸರ ಇಲಾಖೆಯ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ನಮ್ಮ ಊರ ಗಿಣಿಗಳನ್ನಂತೂ 1972ರ ವನ್ಯಜೀವಿ ಕಾಯ್ದೆಯಂತೆ ಸಾಕುವ ಹಾಗೇ ಇಲ್ಲ. ಬೆಳಗಾವಿಯಿಂದ ಬರುವ ಗಿರಾಕಿಗಳು ಈಗ ಹಕ್ಕಿಗಿಂತ ಮೊದಲು ಕಾಗದ ಕೇಳುತ್ತಾರೆ; ಕಾಗದ ಇದ್ದ ಜೋಡಿಗೆ ಸಾವಿರ, ಸಾವಿರದೈನೂರು ಹೆಚ್ಚು ಕೊಡುತ್ತಾರೆ.