ಊರು ಬದಲಿಸಿದ ಮೇಲೆ ಅಮ್ಮನಿಗೊಬ್ಬ ಕುಟುಂಬ ವೈದ್ಯರು

ಎಪ್ಪತ್ತು ದಾಟಿದ ನನ್ನ ಅಮ್ಮನಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಇವೆ. ದಾವಣಗೆರೆಯಲ್ಲಿ ಇದ್ದಷ್ಟು ಕಾಲವೂ ಮನೆಯ ಹತ್ತಿರದ ಒಬ್ಬರೇ ವೈದ್ಯರು ಅವರನ್ನು ನೋಡಿಕೊಳ್ಳುತ್ತಿದ್ದರು. ವರ್ಗಾವಣೆಯಾಗಿ ನಾವೆಲ್ಲ ಬೆಂಗಳೂರಿನ ಕೆಂಗೇರಿಗೆ ಬರಬೇಕಾದಾಗ, ಆ ವೈದ್ಯರ ನೆನಪಿನಲ್ಲಿದ್ದ ಅಮ್ಮನ ಆರೋಗ್ಯದ ವಿವರಗಳನ್ನು ಜೊತೆಗೆ ಒಯ್ಯುವುದು ಹೇಗೆ ಎಂಬುದೇ ನನ್ನ ಮೊದಲ ಚಿಂತೆಯಾಯಿತು. ಆ ಕೆಲಸವನ್ನು ಊರು ಬಿಡುವ ಮುಂಚೆಯೇ ಆರಂಭಿಸಿದ್ದರಿಂದ, ಇಲ್ಲಿ ಬಂದು ಹೊಸ ವೈದ್ಯರನ್ನು ಗೊತ್ತುಮಾಡಿಕೊಳ್ಳುವುದು ಎಷ್ಟೋ ಸುಲಭವಾಯಿತು.

ನಮ್ಮ ಸಣ್ಣ ಕ್ಲಿನಿಕ್ಕುಗಳಲ್ಲಿ ದಾಖಲೆ ಎಂದರೆ ಬಹುಮಟ್ಟಿಗೆ ರೋಗಿಯ ಕೈಯಲ್ಲೇ ಉಳಿಯುವ ಚೀಟಿಗಳು. ಚೀಲದ ತುಂಬ ಚೀಟಿ, ಲ್ಯಾಬ್ ವರದಿಗಳಿದ್ದರೂ ಹೊಸ ವೈದ್ಯರಿಗೆ ಮೊದಲ ಭೇಟಿಯಲ್ಲಿ ಅವನ್ನೆಲ್ಲ ಓದುವಷ್ಟು ವ್ಯವಧಾನ ಇರುವುದಿಲ್ಲ. ಹಾಗಾಗಿ ದಾವಣಗೆರೆಯ ವೈದ್ಯರಲ್ಲಿ ಒಂದೇ ಪುಟದ ಸಾರಾಂಶ ಬರೆದುಕೊಡುವಂತೆ ಕೇಳಿಕೊಂಡೆ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆಗಿದ್ದ ಆಸ್ಪತ್ರೆಗೆ ಮಾತ್ರ ಲಿಖಿತ ಅರ್ಜಿ ಕೊಟ್ಟೆ. ರೋಗಿ ಕೇಳಿದ ದಾಖಲೆಗಳನ್ನು 72 ಗಂಟೆಯೊಳಗೆ ಕೊಡಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನೀತಿ ನಿಯಮಗಳು ಹೇಳುತ್ತವೆ.

ಆ ಒಂದು ಪುಟದಲ್ಲಿ ಈಗಿನ ಮಾತ್ರೆಗಳ ಪಟ್ಟಿಗಿಂತ ಹೆಚ್ಚು ಬೆಲೆಯುಳ್ಳದ್ದು ಇನ್ನೊಂದು ಪಟ್ಟಿ: ಹಿಂದೆ ಕೊಟ್ಟು ನಿಲ್ಲಿಸಿದ ಔಷಧಗಳು ಯಾವುವು, ನಿಲ್ಲಿಸಿದ್ದು ಏಕೆ. ರಕ್ತದೊತ್ತಡಕ್ಕೆ ಎನಾಲಾಪ್ರಿಲ್ ಕೊಟ್ಟಾಗ ಬಿಡದ ಒಣಕೆಮ್ಮು ಬಂದದ್ದರಿಂದ ಟೆಲ್ಮಿಸಾರ್ಟನ್‌ಗೆ ಬದಲಿಸಿದ್ದು, ಆಮ್ಲೋಡಿಪಿನ್‌ನಿಂದ ಎರಡೂ ಪಾದಗಳು ಊದಿಕೊಂಡದ್ದು, ಸಲ್ಫಾ ಔಷಧದಿಂದ ಮೈಮೇಲೆ ದದ್ದು ಎದ್ದದ್ದು, ಎಲ್ಲವನ್ನೂ ಅವರು ಇಸವಿಯ ಸಮೇತ ಬರೆದಿದ್ದರು. ಔಷಧಗಳನ್ನು ಬ್ರಾಂಡ್ ಹೆಸರಿನ ಬದಲು ಮೂಲ ಹೆಸರಿನಲ್ಲೇ ಬರೆಸಿಕೊಂಡದ್ದೂ ಒಳ್ಳೆಯದಾಯಿತು. ಊರು ಬದಲಾದಾಗ ಅಂಗಡಿಯವರು ಅದೇ ಔಷಧವನ್ನು ಬೇರೆ ಹೆಸರಿನಲ್ಲಿ ಕೊಡುವುದು ಸಾಮಾನ್ಯ. ವಯಸ್ಸಾದವರು ಹಳೆಯ ಪಟ್ಟಿಯ ಮಾತ್ರೆಯನ್ನೂ ಹೊಸ ಪಟ್ಟಿಯ ಮಾತ್ರೆಯನ್ನೂ ಒಟ್ಟಿಗೆ ನುಂಗಿದರೆ ಪ್ರಮಾಣ ದುಪ್ಪಟ್ಟಾಗುತ್ತದೆ.

ಹೊರಡುವ ವಾರದಲ್ಲಿ ಅಮ್ಮನನ್ನು ದಾವಣಗೆರೆಯ ವೈದ್ಯರಿಗೆ ಮತ್ತೊಮ್ಮೆ ಮುಖತಃ ತೋರಿಸಿದೆ. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ, ನೇರವಾಗಿ ನೋಡಿದ ಆರು ತಿಂಗಳೊಳಗೆ ಅದೇ ಕಾಯಿಲೆಯ ಮುಂದುವರಿಕೆಗೆ ವೈದ್ಯರು ಫೋನ್ ಮೂಲಕವೂ ಸಲಹೆ ಕೊಡಬಹುದು. ಇದರಿಂದ ಅವಸರದಲ್ಲಿ ಯಾರನ್ನೋ ಒಪ್ಪಿಕೊಳ್ಳುವ ಒತ್ತಡ ತಪ್ಪಿತು. ಅಮ್ಮ ಚೆನ್ನಾಗಿರುವಾಗಲೇ ಹುಡುಕಬೇಕು ಎಂಬುದು ನನ್ನ ಸಂಕಲ್ಪವಾಗಿತ್ತು, ಏಕೆಂದರೆ ಜ್ವರ ಬಂದ ರಾತ್ರಿ ಯಾರೂ ವಿಚಾರಮಾಡಿ ಆರಿಸುವುದಿಲ್ಲ.

ಅಂತರ್ಜಾಲದಲ್ಲಿ ವೈದ್ಯರಿಗೆ ಜನ ಕೊಡುವ ನಕ್ಷತ್ರಗಳನ್ನು ನಾನು ಬಹಳವಾಗಿ ನೆಚ್ಚಲಿಲ್ಲ. ಅವು ಕಾಯುವ ಸಮಯದ ಬಗ್ಗೆ, ಪಾರ್ಕಿಂಗ್ ಬಗ್ಗೆ ಹೇಳುವಷ್ಟು ಚಿಕಿತ್ಸೆಯ ಬಗ್ಗೆ ಹೇಳುವುದಿಲ್ಲ. ಅಕ್ಕಪಕ್ಕದವರಲ್ಲೂ ‘ಒಳ್ಳೆಯ ಡಾಕ್ಟರು ಯಾರು’ ಎಂದು ಕೇಳಿದರೆ ದೂರದ ದೊಡ್ಡ ಆಸ್ಪತ್ರೆಯ ಹೆಸರೇ ಬರುತ್ತದೆ. ಅದರ ಬದಲು, ಜ್ವರಕ್ಕೆ ಹೋದರೆ ಅವರು ಎಷ್ಟು ಮಾತ್ರೆ ಬರೆಯುತ್ತಾರೆ, ಪ್ರಶ್ನೆ ಕೇಳಿದರೆ ಸಮಾಧಾನದಿಂದ ಉತ್ತರಿಸುತ್ತಾರೆಯೇ, ರಜೆ ಹೋದಾಗ ಯಾರ ಬಳಿ ಕಳಿಸುತ್ತಾರೆ ಎಂದು ವಿಚಾರಿಸಿದೆ. ಬಡಾವಣೆಯ ಔಷಧ ಅಂಗಡಿಯವರಿಗೆ ಎಲ್ಲ ವೈದ್ಯರ ಚೀಟಿಗಳೂ ಪರಿಚಿತವಾದ್ದರಿಂದ, ಅವರ ಮನೆಯವರು ಯಾರ ಬಳಿ ಹೋಗುತ್ತಾರೆಂದು ಕೇಳಿದ್ದೂ ಉಪಯೋಗಕ್ಕೆ ಬಂತು. ಅಮ್ಮ ನಡೆದೇ ಹೋಗುವಷ್ಟು ಹತ್ತಿರವಿರಬೇಕು, ಎಂಬಿಬಿಎಸ್ ಆದರೂ ಸರಿ, ಜನರಲ್ ಮೆಡಿಸಿನ್ ಅಥವಾ ಫ್ಯಾಮಿಲಿ ಮೆಡಿಸಿನ್ ಓದಿದವರಾದರೂ ಸರಿ ಎಂದುಕೊಂಡಿದ್ದೆ. ದಿನನಿತ್ಯದ ಕಾಯಿಲೆಗೆ ನೇರವಾಗಿ ಹೃದ್ರೋಗ ತಜ್ಞರು, ಕಿಡ್ನಿ ತಜ್ಞರು ಎಂದು ಒಬ್ಬೊಬ್ಬರ ಬಳಿ ಹೋದರೆ, ಒಟ್ಟು ಮಾತ್ರೆಗಳ ಲೆಕ್ಕ ಇಡುವವರೇ ಇಲ್ಲವಾಗುತ್ತಾರೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹೆಸರುಗಳು ಕೈಗೆ ಬಂದ ಮೇಲೆ ಕರ್ನಾಟಕ ವೈದ್ಯಕೀಯ ಪರಿಷತ್ತಿನ ಜಾಲತಾಣದಲ್ಲಿ ನೋಂದಣಿಯನ್ನು ತಾಳೆ ನೋಡಿದೆ. ನೋಂದಣಿ ಸಂಖ್ಯೆಯನ್ನು ಕ್ಲಿನಿಕ್ಕಿನಲ್ಲಿ ಪ್ರದರ್ಶಿಸುವುದೂ ಚೀಟಿಯಲ್ಲಿ ನಮೂದಿಸುವುದೂ ವೈದ್ಯರ ಕರ್ತವ್ಯವಾದ್ದರಿಂದ ಇದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ರಾಜ್ಯದಲ್ಲಿ 2022ರ ಡಿಸೆಂಬರ್‌ನಲ್ಲಿ ಆರಂಭವಾದ ‘ನಮ್ಮ ಕ್ಲಿನಿಕ್’ ಎಂಬ ಸರ್ಕಾರಿ ಕ್ಲಿನಿಕ್‌ಗಳಲ್ಲಿ ತಪಾಸಣೆ ಉಚಿತ. ಹತ್ತಿರದಲ್ಲಿದ್ದರೆ ಅದನ್ನೂ ನೋಡಿಬರುವುದು ಯೋಗ್ಯ. ನಾನು ಕಚೇರಿಯಿಂದ ಬಂದ ಮೇಲೆಯೇ ಅಮ್ಮನನ್ನು ಕರೆದೊಯ್ಯಬೇಕಾದ್ದರಿಂದ ಸಂಜೆ ತೆರೆದಿರುವ ಖಾಸಗಿ ಕ್ಲಿನಿಕ್ಕೇ ನಮಗೆ ಒದಗಿತು.

ಮೊದಲು ಭೇಟಿಯಾದ ವೈದ್ಯರೊಬ್ಬರು ಸಾರಾಂಶದ ಹಾಳೆಯನ್ನು ಮುಟ್ಟದೆ, ಉದ್ದನೆಯ ಪರೀಕ್ಷೆಗಳ ಪಟ್ಟಿಯನ್ನು ಮೊದಲು ಬರೆದರು. ಅಲ್ಲಿಗೆ ಮತ್ತೆ ಹೋಗಲಿಲ್ಲ. ಈಗ ನಾವು ನೆಚ್ಚಿಕೊಂಡಿರುವ ವೈದ್ಯರು ಹಾಳೆಯನ್ನು ಪೂರ್ತಿ ಓದಿ, ಆಮೇಲೆ ರಕ್ತದೊತ್ತಡ ನೋಡಿದರು. ಅದು ಹೆಚ್ಚಿತ್ತು. ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಸೇರಿಸುವುದು ಆಮ್ಲೋಡಿಪಿನ್ನನ್ನೇ. ಪೆನ್ನು ಕೈಗೆತ್ತಿಕೊಂಡವರು ಹಾಳೆಯ ಆ ಸಾಲಿಗೆ ಮತ್ತೆ ಹೋಗಿ, ‘ಎಷ್ಟು ಮಿಲಿಗ್ರಾಂ ತೆಗೆದುಕೊಳ್ಳುತ್ತಿದ್ದಿರಿ, ಬಿಟ್ಟ ಮೇಲೆ ಊತ ಪೂರ್ತಿ ಇಳಿಯಿತೇ’ ಎಂದು ಅಮ್ಮನನ್ನೇ ಕೇಳಿದರು; ಮೊಣಕಾಲ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳನ್ನು ಒತ್ತಿಹಿಡಿದು ಗುಳಿ ಬೀಳುತ್ತದೆಯೇ ಎಂದು ನೋಡಿದರು. ಐದು ನಿಮಿಷ ಸುಮ್ಮನೆ ಕೂರಿಸಿ ಮತ್ತೆ ಅಳೆದಾಗ ಒತ್ತಡ ಇಳಿದಿತ್ತು. ಹೊಸ ಮಾತ್ರೆ ಬರೆಯದೆ, ಮನೆಯಲ್ಲೇ ಒಂದು ವಾರ ಬೆಳಿಗ್ಗೆ ಸಂಜೆ ಅಳೆದು ಬರೆದು ತರಲು ಹೇಳಿದರು. ಆಮೇಲೆ ‘ಚಪ್ಪಲಿ ಬಿಟ್ಟು ಪಾದ ತೋರಿಸಿ’ ಎಂದರು. ಬೆರಳ ಸಂದುಗಳನ್ನು ನೋಡಿ, ತೆಳುವಾದ ನೈಲಾನ್ ಎಳೆಯನ್ನು ಅಂಗಾಲಿಗೆ ತಾಗಿಸುತ್ತ, ತಾಗಿದ್ದು ಗೊತ್ತಾಗುತ್ತದೆಯೇ ಎಂದು ಒಂದೊಂದು ಕಡೆಯೂ ಕೇಳಿದರು. ಸಕ್ಕರೆ ಕಾಯಿಲೆಯವರ ಪಾದದ ಸ್ಪರ್ಶಜ್ಞಾನ ಸದ್ದಿಲ್ಲದೆ ಕುಂದಿ, ಗಾಯವಾದರೂ ಅರಿವಾಗದೆ ಹೋಗುವುದುಂಟು. ಪಾದ ನೋಡುವ ವೈದ್ಯರನ್ನು ಕಂಡರೆ ನನಗೆ ವಿಶ್ವಾಸ ಮೂಡುವುದು ಅದಕ್ಕೇ. ಬರೆದ ಪರೀಕ್ಷೆಗಳು ಕೆಲವೇ: ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ಎಚ್‌ಬಿಎ1ಸಿ, ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಮತ್ತು ಮೂತ್ರದ ಅಲ್ಬುಮಿನ್, ಮತ್ತು ಬಹುಕಾಲದಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿರುವುದರಿಂದ ಅದು ಕುಗ್ಗಿಸಬಹುದಾದ ವಿಟಮಿನ್ ಬಿ12. ಪ್ರತಿಯೊಂದೂ ಏಕೆ ಎಂದು ಅಮ್ಮನಿಗೆ ಕನ್ನಡದಲ್ಲೇ ವಿವರಿಸಿದರು.

ಎರಡನೆಯ ಭೇಟಿಯಲ್ಲಿ, ಅವರು ಸಿಗದ ಹೊತ್ತಿನಲ್ಲಿ ಏನು ಮಾಡಬೇಕೆಂದು ಕೇಳಿದೆ. ಅಮ್ಮ ಸಕ್ಕರೆಯನ್ನು ಅತಿಯಾಗಿ ಇಳಿಸಬಲ್ಲ ಗ್ಲಿಮೆಪಿರೈಡ್ ಕೂಡ ತೆಗೆದುಕೊಳ್ಳುವುದರಿಂದ, ಊಟ ತಪ್ಪಿದಾಗ ಬೆವರು, ನಡುಕ ಕಂಡರೆ ತಕ್ಷಣ ಸಕ್ಕರೆ ಪರೀಕ್ಷಿಸಬೇಕು. 70ಕ್ಕಿಂತ ಕಡಿಮೆಯಿದ್ದರೆ 15 ಗ್ರಾಂ ಗ್ಲೂಕೋಸ್ ನೀರಿನಲ್ಲಿ ಕದಡಿ ಕುಡಿಸಿ 15 ನಿಮಿಷದ ಬಳಿಕ ಮತ್ತೆ ನೋಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆಮಾಡಬೇಕು ಎಂದರು. ರಾತ್ರಿ ಯಾವ ಆಸ್ಪತ್ರೆಗೆ ಹೋಗಬೇಕೆಂಬುದನ್ನೂ ಸೇರಿಸಿ ಅದನ್ನೆಲ್ಲ ಸಾರಾಂಶದ ಹಿಂಬದಿಯಲ್ಲಿ ಬರೆದುಕೊಟ್ಟರು. ಅದರ ಒಂದು ಪ್ರತಿ ಅಮ್ಮನ ಕೈಚೀಲದಲ್ಲಿದೆ, ಇನ್ನೊಂದನ್ನು ಹಗಲಿನಲ್ಲಿ ಅವರ ಜೊತೆಗಿರುವ ನೆರೆಮನೆಯವರಿಗೆ ಕೊಟ್ಟಿದ್ದೇನೆ.