ಬಿದೋಂಗ್ ದ್ವೀಪದಲ್ಲಿ ಯಾರಿಗೂ ಬೇಡವಾದ ಕಡತಗಳು

1979ರಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಯ ಪುನರ್ವಸತಿ ವಿಭಾಗದ ಪರವಾಗಿ ನಾನು ಮಲೇಷ್ಯಾದ ಪುಲಾವ್ ಬಿದೋಂಗ್ ದ್ವೀಪದಲ್ಲಿ ಕೆಲಸ ಮಾಡುತ್ತಿದ್ದೆ. ಸುಮಾರು ಒಂದು ಚದರ ಕಿಲೋಮೀಟರ್ ಜಾಗ. ಆ ವರ್ಷದ ನಡುವಿನ ಹೊತ್ತಿಗೆ ಅದರಲ್ಲಿ ದೋಣಿಗಳಲ್ಲಿ ದೇಶ ಬಿಟ್ಟು ಬಂದ 40,000ದಷ್ಟು ವಿಯೆಟ್ನಾಮೀಯರು ತುಂಬಿದ್ದರು. ಒಡೆದ ದೋಣಿಯ ಹಲಗೆ, ಪ್ಲಾಸ್ಟಿಕ್ ಹಾಳೆ, ಗೋಣಿತಾಟು, ಕೈಗೆ ಸಿಕ್ಕಿದ್ದರಲ್ಲೇ ಗುಡಿಸಲು. ಹೊಸ ದೋಣಿಗಳನ್ನು ಮಲೇಷ್ಯಾ ಮತ್ತೆ ಕಡಲಿಗೆ ಅಟ್ಟುತ್ತಿತ್ತು. ಇಲ್ಲಿದ್ದವರಿಗೆ ಹೊರದೇಶದಲ್ಲಿ ನೆಲೆ ಸಿಗದೆ ಮುಂದಿನ ದೋಣಿಗೆ ದಡವಿಲ್ಲ ಎಂಬ ಸ್ಥಿತಿ.

ಜುಲೈಯಲ್ಲಿ ಜಿನೀವಾದಲ್ಲಿ 65 ದೇಶಗಳು ಸೇರಿದವು. ಅದುವರೆಗೆ 1,25,000 ಜನರಿಗೆ ಇದ್ದ ಪುನರ್ವಸತಿಯ ಭರವಸೆ 2,60,000ಕ್ಕೆ ಏರಿತು. ಅಮೆರಿಕ ತಾನು ಕರೆಸಿಕೊಳ್ಳುವವರ ಸಂಖ್ಯೆಯನ್ನು ತಿಂಗಳಿಗೆ 7,000ದಿಂದ 14,000ಕ್ಕೆ ಏರಿಸಿತ್ತು. ಅದು ದೊಡ್ಡ ಗೆಲುವೇ. ಆದರೆ ಸಂಖ್ಯೆ ಜಿನೀವಾದ್ದು, ಹೆಸರು ಆರಿಸುವುದು ದ್ವೀಪದಲ್ಲಿ. ಜನರನ್ನು ಆರಿಸಲು ಬರುತ್ತಿದ್ದ ಪ್ರತಿಯೊಂದು ದೇಶದ ನಿಯೋಗಕ್ಕೂ ತನ್ನದೇ ಜರಡಿ. ಅಮೆರಿಕದವರು ಅಲ್ಲಿ ಬಂಧುಗಳಿದ್ದವರನ್ನು, ತಮ್ಮ ಸೇನೆಯ ಜೊತೆ ದುಡಿದವರನ್ನು ಮೊದಲು ನೋಡುತ್ತಿದ್ದರು. ಫ್ರಾನ್ಸಿನವರು ಫ್ರೆಂಚ್ ಬಲ್ಲವರನ್ನು. ಕ್ಷಯರೋಗಿ, ಅಂಗವಿಕಲ ಮಗು, ಹತ್ತು ಜನರ ಕುಟುಂಬ ಎಲ್ಲ ಜರಡಿಗಳಲ್ಲೂ ಉಳಿದುಬಿಡುತ್ತಿದ್ದವು. ನನ್ನ ಚೌಕಾಸಿ ನಡೆದದ್ದು ಇವರಿಗಾಗಿ.

ಒಂದು ಕುಟುಂಬದ ಕಡತ ಚೆನ್ನಾಗಿ ನೆನಪಿದೆ. ಅಜ್ಜಿ, ಕ್ಷಯಕ್ಕೆ ಔಷಧ ತೆಗೆದುಕೊಳ್ಳುತ್ತಿದ್ದ ತಂದೆ, ತಾಯಿ, ಆರು ಮಕ್ಕಳು, ಅವರಲ್ಲಿ ಒಬ್ಬನಿಗೆ ಪೋಲಿಯೊ. ಇಂಗ್ಲಿಷ್ ಬರುತ್ತಿದ್ದ ಹಿರಿಯ ಮಗಳನ್ನು ಮಾತ್ರ ಕರೆದೊಯ್ಯಲು ಒಂದು ನಿಯೋಗ ಸಿದ್ಧವಿತ್ತು. ನಾನು ಒಪ್ಪಲಿಲ್ಲ. ಅವಳೊಬ್ಬಳು ಹೊರಟರೆ ಉಳಿದವರ ಪರವಾಗಿ ಮಾತಾಡಲು ಕಡತದಲ್ಲಿ ಏನೂ ಉಳಿಯುತ್ತಿರಲಿಲ್ಲ.

ಇಂಥ ಕಡತವನ್ನು ಸಿಕ್ಕ ನಿಯೋಗಕ್ಕೆಲ್ಲ ತೋರಿಸಬಾರದು. ಒಂದು ದೇಶ ಬೇಡವೆಂದು ಬರೆದರೆ ಮುಂದಿನವರು ಮೊದಲು ಓದುವುದು ಅದನ್ನೇ. ಕಫದ ಪರೀಕ್ಷೆ, ಹೊಸ ಎಕ್ಸ್‌ರೇ, ಇನ್ನೆಷ್ಟು ತಿಂಗಳ ಔಷಧವೆಂಬ ವೈದ್ಯರ ಟಿಪ್ಪಣಿ ಎಲ್ಲ ಕೈಸೇರಿದ ಮೇಲೆ, ಉತ್ತರ ಯುರೋಪಿನ ಒಂದು ನಿಯೋಗದ ಮೇಜಿನ ಮೇಲೆ ಬೆಳಿಗ್ಗೆ ಮೊದಲ ಕಡತವಾಗಿ ಅದನ್ನಿಟ್ಟೆ. ಸಂಜೆಗೆ ಪಟ್ಟಿ ತುಂಬಿರುತ್ತದೆ, ಆಗ ಯಾರಿಗೂ ಉದಾರತೆ ಇರುವುದಿಲ್ಲ. ಅಂಗವಿಕಲರಿರುವ ಕುಟುಂಬಗಳನ್ನು ಹತ್ತಾದರೂ ತೆಗೆದುಕೊಳ್ಳಿ ಎಂದು ನಮ್ಮ ಕಚೇರಿ ಸರಕಾರಗಳನ್ನು ಕೇಳುತ್ತಿತ್ತು. ಆ ಲೆಕ್ಕದಲ್ಲಿ ಇವರನ್ನು ಸೇರಿಸಿ ಎಂದೆ. ಅಧಿಕಾರಿ ಎಕ್ಸ್‌ರೇಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದರು. "ತಂದೆ ಆಮೇಲೆ ಬರಲಿ" ಎಂದರು. "ಎಲ್ಲರೂ ಒಟ್ಟಿಗೆ, ಔಷಧ ಮುಗಿದ ಮೇಲೆ" ಎಂದೆ. ಮಧ್ಯಾಹ್ನದ ಹೊತ್ತಿಗೆ ಒಪ್ಪಿದರು.

ಮನೆಯವರನ್ನು ಒಪ್ಪಿಸುವುದು ಇನ್ನೂ ಕಷ್ಟವಾಯಿತು. ತಂದೆಯ ತಮ್ಮ ಕ್ಯಾಲಿಫೋರ್ನಿಯಾದಲ್ಲಿದ್ದ. "ಕಾದರೆ ಅಮೆರಿಕ ಸಿಗುವುದಿಲ್ಲವೇ ಸಾರ್?" ಎಂದು ತಂದೆ ದುಭಾಷಿಯ ಮೂಲಕ ಕೇಳಿದರು. ಸುಳ್ಳು ಆಸೆ ಹುಟ್ಟಿಸುವುದಾಗಲಿ, ಹೆದರಿಸುವುದಾಗಲಿ ನನಗೆ ಸರಿಯೆನಿಸಲಿಲ್ಲ. ಒಪ್ಪಿದ ಆ ಯುರೋಪಿನ ದೇಶದಲ್ಲಿ ಸಿಗುವ ಆಸ್ಪತ್ರೆ, ಶಾಲೆ, ಅಲ್ಲಿನ ಚಳಿ, ಇಲ್ಲಿ ಕಾಯಬೇಕಾಗಬಹುದಾದ ಕಾಲ, ತಿಳಿದಷ್ಟನ್ನೂ ಹೇಳಿ, ರಾತ್ರಿ ಯೋಚಿಸಿ ಎಂದೆ. ಮರುದಿನ ಅಜ್ಜಿಯೇ ಬಂದು, ಹೋಗುತ್ತೇವೆ ಎಂದರು. ಔಷಧ ಮುಗಿಯುತ್ತಲೇ ಒಂಬತ್ತೂ ಜನರನ್ನು ಕೌಲಾಲಂಪುರದ ಶಿಬಿರಕ್ಕೆ, ವಿಮಾನಕ್ಕೆ ಮುಂಚಿನ ತಪಾಸಣೆಗೆ ಕಳಿಸಿದೆವು. ಅದೇ ನಿಯೋಗದ ಮುಂದಿನ ಭೇಟಿಗೆಂದು ನಾನು ಇಂಥದ್ದೇ ಇನ್ನೂ ಕೆಲವು ಕಡತಗಳನ್ನು ಸಿದ್ಧಪಡಿಸತೊಡಗಿದೆ.